ಬಕೆಟ್ ತುಂಬ ಹಿತ್ತಾಳೆ ಕೇಸ್ ಇದ್ದರೆ ಯಾವ ಟ್ರಿಮ್ಮರ್ ತಗೋಬೇಕು?

ಹಾಸನದ ಬಿ.ಎಂ. ರಸ್ತೆಯ ಪಕ್ಕ ನನ್ನದೊಂದು ಚಿಕ್ಕ ಲೇತ್ ಅಂಗಡಿ. ಕಾಫಿ ಪಲ್ಪರಿನ ಶಾಫ್ಟ್, ಪಂಪಿನ ಬುಷ್, ಟಿಲ್ಲರ್ ಪಿನ್ನು, ಇವೇ ನನ್ನ ದಿನದ ಕೆಲಸ. ರೈಫಲ್ ತೋಟೆಗೂ ನನಗೂ ನಂಟು ಬೆಳೆದದ್ದು ಅಕ್ಕನ ಮಗನಿಂದ. ಅವನು ಟೆಕ್ಸಾಸ್‌ನಲ್ಲಿದ್ದಾನೆ. ವಾರದ ಕೊನೆಗೆ ರೇಂಜಿಗೆ ಹೋಗಿ ಗುರಿ ಹೊಡೆಯುವ ಹುಚ್ಚು. ಹೊಡೆದ ಮೇಲೆ ಉಳಿದ ಹಿತ್ತಾಳೆ ಕೇಸನ್ನು ಆರಿಸಿ ತಂದು, ಮತ್ತೆ ಮದ್ದು, ಗುಂಡು ತುಂಬಿ ಬಳಸುತ್ತಾನೆ. ಅಲ್ಲಿ ಅದು ಮಾಮೂಲಿ ಹವ್ಯಾಸ.

ನಮ್ಮಲ್ಲಿ ಹಾಗಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ ತೋಟೆ ತಯಾರಿಸಲು ಲೈಸೆನ್ಸ್ ಬೇಕು. ಮನೆಯಲ್ಲಿ ಕೋವಿ ಲೈಸೆನ್ಸ್ ಇದೆ, ತೋಟೆಯನ್ನೂ ನಾವೇ ತುಂಬಿಕೊಳ್ಳೋಣ ಎಂದು ಸಕಲೇಶಪುರದ ಕಡೆಯ ಯಾರಾದರೂ ಹೊರಟರೆ, ದಯವಿಟ್ಟು ಬೇಡ. ನಾನು ಬರೆಯುತ್ತಿರುವುದು ಇದಕ್ಕೆ ಕಾನೂನಿನ ಒಪ್ಪಿಗೆ ಇರುವ ಕಡೆ ನೆಲೆಸಿರುವ ನಮ್ಮವರಿಗೆ.

ನಾನು ಅವನ ಮನೆಗೆ ಹೋದ ಮೂರನೇ ದಿನವೇ ಗ್ಯಾರೇಜಿಗೆ ಕರೆದ. ಮೂಲೆಯಲ್ಲಿ ಒಂದು ದೊಡ್ಡ ಬಕೆಟ್. ಅದರಲ್ಲಿ ಎರಡು ಸಾವಿರದಷ್ಟು .223 ಕೇಸ್ (.223 ಎಂದರೆ ರೈಫಲ್ ತೋಟೆಯ ಒಂದು ಬಗೆ). “ಮಾಮ, ನಿಮ್ಮದು ಲೇತ್ ಕೈ. ಇವನ್ನ ಒಂದೇ ಉದ್ದಕ್ಕೆ ತರೋಕೆ ಯಾವ ಟ್ರಿಮ್ಮರ್ ಮಿಷಿನ್ ತಗೊಳ್ಳಲಿ, ನೀವೇ ಹೇಳಿ” ಎಂದ.

ಮೊದಲು ಉದ್ದ ಯಾಕೆ ಹೆಚ್ಚಾಗುತ್ತದೆ ನೋಡಿ. ರೈಫಲ್ ಕೇಸಿಗೆ ಬುಡ, ಮೈ, ಹೆಗಲು, ಕತ್ತು, ಬಾಯಿ ಎಂದು ಭಾಗಗಳಿವೆ, ಬಾಟಲಿಯ ಹಾಗೆ. ಈಡು ಹಾರಿದಾಗ ಹಿತ್ತಾಳೆ ಹಿಗ್ಗುತ್ತದೆ. ಅದನ್ನು ಸೈಜಿಂಗ್ ಡೈ ಎಂಬ ಅಚ್ಚಿಗೆ ಒತ್ತಿ ಮೊದಲಿನ ಅಳತೆಗೆ ತರುವಾಗ ಹಿತ್ತಾಳೆ ಕತ್ತಿನ ಕಡೆ ಸರಿಯುತ್ತದೆ. ನಾದಿದ ಹಿಟ್ಟನ್ನು ಮುಷ್ಟಿಯಲ್ಲಿ ಹಿಚುಕಿದರೆ ಮೇಲಿನಿಂದ ಹೊರಬರುತ್ತಲ್ವಾ, ಹಾಗೆ. ಕೇಸ್ ಅಳತೆ ಮೀರಿ ಉದ್ದವಾದರೆ ಅದರ ಬಾಯಿ ರೈಫಲ್‌ನಲ್ಲಿ ತೋಟೆ ಕೂರುವ ಚೇಂಬರಿನ ತುದಿಗೆ ತಾಗಿ ಗುಂಡನ್ನು ಅದುಮಿ ಹಿಡಿಯುತ್ತದೆ. ಗುಂಡು ಸಲೀಸಾಗಿ ಬಿಡುವುದಿಲ್ಲ, ಒಳಗೆ ಒತ್ತಡ ಏರುತ್ತದೆ. ಮುಖದ ಹತ್ತಿರ ಹಿಡಿಯುವ ವಸ್ತುವಿನಲ್ಲಿ ಹಾಗಾಗುವುದು ಬೇಡ.

.223 ರೆಮಿಂಗ್ಟನ್ ಕೇಸಿನ ಗರಿಷ್ಠ ಉದ್ದ 1.760 ಇಂಚು. ಕತ್ತರಿಸಿ ನಿಲ್ಲಿಸಬೇಕಾದದ್ದು 1.750ಕ್ಕೆ. .308 ವಿಂಚೆಸ್ಟರ್‌ಗೆ ಇವೇ ಅಳತೆ 2.015 ಮತ್ತು 2.005. .30-06ಕ್ಕೆ 2.494 ಮತ್ತು 2.484. ಅಂದರೆ ಎಲ್ಲದರಲ್ಲೂ ಹತ್ತು ಥೌ ಜಾಗ ಇದೆ. ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು. ನಮ್ಮಂಥವರಿಗೆ ಹತ್ತು ಥೌ ಅಂದರೆ ಬಯಲು.

ಅವನ ಹತ್ತಿರ ಆಗಲೇ ಎರಡು ಸಾಧನ ಇದ್ದವು. ಒಂದು ಲೀ ಕಂಪನಿಯ ಸರಳ ಕಟರ್. ಉದ್ದದ ಗೇಜ್ ಪಿನ್ನು ಕೇಸಿನೊಳಗೆ ಇಳಿದು, ಬುಡದ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಭಾಗ) ತೂತಿನಿಂದ ಹೊರಬಂದು, ಬುಡ ಹಿಡಿದ ಸ್ಟಡ್ಡಿಗೆ ತಾಗಿ ನಿಲ್ಲುತ್ತದೆ. ಅಲ್ಲಿಗೆ ಕಟರ್ ಕತ್ತರಿಸುವುದು ನಿಲ್ಲಿಸುತ್ತದೆ. ಹೊಂದಿಸುವ ತಿರುಪೇ ಇಲ್ಲ, ಆದ್ದರಿಂದ ಅಳತೆ ತಪ್ಪುವ ಪ್ರಶ್ನೆಯೂ ಕಡಿಮೆ. ನನಗೆ ಅದು ತುಂಬಾ ಇಷ್ಟವಾಯಿತು. ತಿಂಗಳಿಗೆ ಐವತ್ತು ತೋಟೆ ತುಂಬುವವರಿಗೆ ಅದೇ ಸಾಕು, ಮುಂದೆ ಓದುವುದೇ ಬೇಡ.

ಎರಡನೆಯದು ಕೈಯಲ್ಲಿ ತಿರುಗಿಸುವ ಪುಟ್ಟ ಲೇತ್. ಫಾರ್‌ಸ್ಟರ್, ರೆಡ್ಡಿಂಗ್, ಲೈಮನ್, ಆರ್‌ಸಿಬಿಎಸ್ ಎಲ್ಲರೂ ಈ ಬಗೆಯದನ್ನು ಮಾಡುತ್ತಾರೆ. ಬುಡವನ್ನು ಒಂದು ಕಡೆ ಹಿಡಿದು, ಇನ್ನೊಂದು ಕಡೆಯಿಂದ ಪೈಲಟ್ (ಬಾಯೊಳಗೆ ಇಳಿದು ನೇರ ಹಿಡಿಯುವ ಕಡ್ಡಿ) ಇರುವ ಕಟರನ್ನು ಬಾಯಿಗೆ ಕೊಟ್ಟು ತಿರುಗಿಸುವುದು. ಇವನು ತಂದದ್ದು ಯಾವ ಕಂಪನಿಯದು ಎಂದು ಹೇಳುವುದಿಲ್ಲ. ಬುಡ ಹಿಡಿಯುವ ಚಕ್ ಸರಿ ಇರಲಿಲ್ಲ. ಹತ್ತು ಕೇಸ್ ಕತ್ತರಿಸಿ ವರ್ನಿಯರ್ ಇಟ್ಟರೆ ಒಂದಕ್ಕೊಂದು ಆರು ಥೌ ವ್ಯತ್ಯಾಸ. “ನಾನೇ ಸರಿಯಾಗಿ ತಿರುಗಿಸ್ತಿಲ್ಲ ಅನ್ಕೊಂಡಿದ್ದೆ ಮಾಮ” ಎಂದ ಪಾಪ.

ಯಾವ ಟ್ರಿಮ್ಮರ್ ತಂದರೂ ಮೊದಲ ದಿನ ಒಂದು ಪರೀಕ್ಷೆ ಮಾಡಿ. ಒಂದು ಕೇಸನ್ನು ಕತ್ತರಿಸಿ. ಬಿಚ್ಚಿ. ಮತ್ತೆ ಅದನ್ನೇ ಹಾಕಿ ತಿರುಗಿಸಿ. ಹೀಗೆ ಹತ್ತು ಸಲ. ಮೊದಲ ಸಲದ ನಂತರ ಹಿತ್ತಾಳೆ ಚೂರು ಬೀಳಬಾರದು. ಬೀಳುತ್ತಿದ್ದರೆ ಕೇಸ್ ಪ್ರತಿ ಸಲ ಬೇರೆ ಜಾಗದಲ್ಲಿ ಕೂರುತ್ತಿದೆ ಎಂದರ್ಥ. ಚಕ್ಕಿನೊಳಗೆ ಚೂರು ಸಿಕ್ಕಿದೆಯಾ ನೋಡಿ, ಸ್ವಚ್ಛ ಮಾಡಿ. ಆಮೇಲೂ ಹಾಗೇ ಇದ್ದರೆ ವಾಪಸ್ ಕೊಟ್ಟುಬಿಡಿ. ಅಂಗಡಿಗೆ ಹೊಸ ಚಕ್ ಬಂದಾಗಲೂ ನಾನು ಮಾಡುವುದು ಇದನ್ನೇ.

ಆದರೆ ಎರಡು ಸಾವಿರ ಕೇಸಿನ ಕಷ್ಟ ಬೇರೆ. ಗಡಿಯಾರ ಇಟ್ಟುಕೊಂಡು ಇಬ್ಬರೂ ಕೂತೆವು. ಕೈ ಲೇತಿನಲ್ಲಿ ನೂರು ಕೇಸ್ ಮುಗಿಸಲು 55 ನಿಮಿಷ ಬೇಕಾಯಿತು. ಕತ್ತರಿಸಲು ಹಿಡಿದದ್ದು ಅದರಲ್ಲಿ ಅರ್ಧ ಮಾತ್ರ. ಕತ್ತರಿಸಿದ ಬಾಯಿಗೆ ಒಳಗೂ ಹೊರಗೂ ಬರ್, ಅಂದರೆ ಚೂಪು ಅಂಚು, ನಿಲ್ಲುತ್ತದೆ. ಒಳಗಿನದನ್ನು ತೆಗೆಯದಿದ್ದರೆ ಗುಂಡು ಕೂರಿಸುವಾಗ ಅದರ ಮೈ ಕೆರೆಯುತ್ತದೆ. ಹಾಗಾಗಿ ಒಳ ಚಾಂಫರ್ (ಅಂಚನ್ನು ಇಳಿಜಾರಾಗಿ ಸವರುವುದು) ಒಂದು ಸಲ, ಹೊರ ಅಂಚು ಇನ್ನೊಂದು ಸಲ. ಒಂದೇ ಕೇಸನ್ನು ಮೂರು ಸಲ ಕೈಗೆತ್ತಿಕೊಳ್ಳಬೇಕು. ಎರಡು ಸಾವಿರಕ್ಕೆ ಆರು ಸಾವಿರ ಸಲ! ಹದಿನೆಂಟು ಗಂಟೆ ಕೆಲಸ. ಕಾಫಿ ಕೊಯ್ಲಿನಲ್ಲಿ ಒಂದೇ ಗಿಡಕ್ಕೆ ಮೂರು ಸಲ ಆಳು ಕಳಿಸಿದರೆ ಕೂಲಿ ಎಷ್ಟಾಗುತ್ತದೆ ಎಂದು ಯಾವ ತೋಟದವರನ್ನಾದರೂ ಕೇಳಿ.

ಹಾಗಾಗಿ ಮಿಷಿನ್ ಎಷ್ಟು ವೇಗವಾಗಿ ಕತ್ತರಿಸುತ್ತದೆ ಎಂದು ಕೇಳಬೇಡಿ. ಕೇಸನ್ನು ಎಷ್ಟು ಸಲ ಎತ್ತಬೇಕು ಎಂದು ಕೇಳಿ. ಕತ್ತರಿಸುವುದು, ಒಳ ಚಾಂಫರ್, ಹೊರ ಚಾಂಫರ್ ಮೂರನ್ನೂ ಒಟ್ಟಿಗೆ ಮಾಡುವ ಬ್ಲೇಡ್ ಇರುವ ಮೋಟಾರ್ ಟ್ರಿಮ್ಮರ್‌ಗಳಿವೆ. ಜಿರಾಡ್ ಇದರಲ್ಲಿ ಹೆಸರಾದದ್ದು. ಡ್ರಿಲ್‌ಗೆ ಸಿಕ್ಕಿಸುವ ಚಿಕ್ಕ ರೂಪವೂ ಸಿಗುತ್ತದೆ. ಲಿಟಲ್ ಕ್ರೋ ಕಂಪನಿಯ ಡಬ್ಲ್ಯುಎಫ್‌ಟಿ ಕೂಡ ಡ್ರಿಲ್‌ಗೆ ಹಾಕುವಂಥದ್ದೇ, ಅದರ ಮೂಲ ಮಾದರಿ ಕತ್ತರಿಸುತ್ತದೆ ಅಷ್ಟೇ, ಅಂಚು ಸವರುವ ಕೆಲಸ ನಿಮಗೇ ಉಳಿಯುತ್ತದೆ. ಡಿಲ್ಲನ್‌ನವರದು ಇನ್ನೊಂದು ದಾರಿ. ಅದರ ಮೋಟಾರು ತೋಟೆ ತುಂಬುವ ಪ್ರೆಸ್ಸಿನ ಮೇಲೇ ಕೂರುತ್ತದೆ, ಹಿಡಿಕೆ ಎಳೆದಾಗ ಡೈ ಒಳಗೆ ಸೈಜಿಂಗ್ ಆಗುತ್ತಲೇ ಬಾಯಿ ಕತ್ತರಿಸುತ್ತದೆ, ಚೂರನ್ನು ವ್ಯಾಕ್ಯೂಮ್ ಎಳೆದುಕೊಳ್ಳುತ್ತದೆ. ಪ್ರೋಗ್ರೆಸಿವ್ ಪ್ರೆಸ್ (ಒಂದೇ ಎಳೆತಕ್ಕೆ ಹಲವು ಹಂತದ ಕೆಲಸ ಮಾಡುವುದು) ಮೊದಲೇ ಇದ್ದು, ವರ್ಷಕ್ಕೆ ಹತ್ತು ಸಾವಿರ ತುಂಬುವವರಿಗೆ ಅದು ಸರಿ. ನಮ್ಮ ಹುಡುಗನಿಗೆ ಅದು ಜಾಸ್ತಿಯಾಯಿತು.

ಒಟ್ಟಿಗೆ ಮೂರು ಕೆಲಸ ಮಾಡುವುದನ್ನೇ ತರಿಸಿದೆವು. ನೂರಕ್ಕೆ ಎಂಟು ನಿಮಿಷ. ಬಕೆಟ್ ಒಂದು ಸಂಜೆಯಲ್ಲಿ ಖಾಲಿ.

ಈ ಬಗೆಯ ಮಿಷಿನಿನಲ್ಲಿ ಒಂದು ಸೂಕ್ಷ್ಮ ಇದೆ, ಅದನ್ನು ತಿಳಿಯದೆ ಕೊಂಡವರು ಆಮೇಲೆ ಬೈದುಕೊಳ್ಳುತ್ತಾರೆ. ಕೈ ಲೇತ್ ಬುಡದಿಂದ ಅಳೆಯುತ್ತದೆ. ಇವು ಹೆಚ್ಚಿನವು ಹೆಗಲಿನಿಂದ ಅಳೆಯುತ್ತವೆ. ಕೇಸನ್ನು ಒಳಗೆ ಒತ್ತಿದಾಗ ಹೆಗಲು ಹೋಲ್ಡರಿಗೆ ತಾಗಿ ನಿಲ್ಲುತ್ತದೆ, ಅಲ್ಲಿಂದ ಮುಂದಿನದು ಕತ್ತರಿಸಿ ಹೋಗುತ್ತದೆ. ಎರಡು ಕೇಸಿನ ಹೆಗಲು ಎರಡು ಥೌ ಹಿಂದೆ ಮುಂದೆ ಇದ್ದರೆ, ಒಟ್ಟು ಉದ್ದದಲ್ಲೂ ಅಷ್ಟೇ ಹೆಚ್ಚು ಕಡಿಮೆ ಬರುತ್ತದೆ. ಆದ್ದರಿಂದ ಸೈಜಿಂಗ್ ಮೊದಲು, ಟ್ರಿಮ್ ಆಮೇಲೆ. ಇದು ಯಾವ ಮಿಷಿನಿಗೂ ಸರಿ, ಯಾಕೆಂದರೆ ಸೈಜಿಂಗ್‌ನಲ್ಲೇ ಉದ್ದ ಬೆಳೆಯುತ್ತದೆ. ಹೆಗಲಿನಿಂದ ಅಳೆಯುವ ಮಿಷಿನಿಗಂತೂ ತಪ್ಪಿಸುವಂತೆಯೇ ಇಲ್ಲ. ಸೈಜಿಂಗ್‌ಗೆ ಹಚ್ಚಿದ ಲೂಬ್ ಒರೆಸಿಯೇ ಹಾಕಬೇಕು. ಒರೆಸದಿದ್ದರೆ ಅದು ಹಿತ್ತಾಳೆ ಪುಡಿಯ ಜೊತೆ ಸೇರಿ ಹೋಲ್ಡರಿನಲ್ಲಿ ಮೆತ್ತಿಕೊಳ್ಳುತ್ತದೆ, ಅಳತೆ ನಿಧಾನಕ್ಕೆ ಸರಿಯುತ್ತದೆ. ನಾವು ಇಪ್ಪತ್ತೈದು ಕೇಸಿಗೊಮ್ಮೆ ಒಂದನ್ನು ಅಳೆದೆವು. ನಾನೂರರ ಹತ್ತಿರ ಎರಡು ಥೌ ಉದ್ದ ತೋರಿಸಿತು. ಬ್ರಷ್ ಹಾಕಿ ಉಜ್ಜಿದೆ, ಸರಿಹೋಯಿತು.

.45-70ರಂಥ ನೇರ ಮೈಯ ಕೇಸಿಗೆ ಹೆಗಲೇ ಇಲ್ಲ. ಅದನ್ನು ಬುಡದಿಂದ ಅಳೆಯುವ ಟ್ರಿಮ್ಮರಿಗೇ ಕೊಡಬೇಕು. ಹಳೆಯದನ್ನು ಮಾರಿಬಿಡಬೇಡಿ ಅಂತ ಹೇಳುವುದು ಇದಕ್ಕೇ.

ಬ್ಲೇಡ್ ಹೊಂದಿಸಲು ತಾಳ್ಮೆ ಬೇಕು. ಮೂರು ಕೆಲಸದ ಬ್ಲೇಡನ್ನು ಅತ್ತಿತ್ತ ಸರಿಸಿದರೆ ಒಳಗಿನ ಇಳಿಜಾರು ಜಾಸ್ತಿಯಾಗುತ್ತದೆ, ಇಲ್ಲವೇ ಹೊರಗಿನದು. ಒಳಗೆ ಜಾಸ್ತಿ ತೆಗೆದರೆ ಬಾಯಿ ಚಾಕುವಿನ ಅಂಚಿನಂತಾಗುತ್ತದೆ. ನಡುವೆ ಕಿರಿದಾದ ಒಂದು ಚಪ್ಪಟೆ ಗೆರೆ ಉಳಿಯಬೇಕು, ಲೂಪ್ (ಭೂತಗನ್ನಡಿ) ಇಟ್ಟು ನೋಡಿ. ಎಸೆಯಲು ಲಾಯಕ್ಕಾದ ಹತ್ತು ಕೇಸನ್ನು ಈ ಹೊಂದಾಣಿಕೆಗೆಂದೇ ತೆಗೆದಿಡಿ. ಬ್ಲೇಡ್ ಕಾರ್ಬೈಡ್ ಆಗಿದ್ದರೆ ಒಳ್ಳೆಯದು. ಹಿತ್ತಾಳೆಗೆ ಹೈಸ್ಪೀಡ್ ಸ್ಟೀಲ್ ಕೂಡ ನಡೆಯುತ್ತದೆ, ಆದರೆ ಸಾವಿರಗಟ್ಟಲೆ ಆದಾಗ ಕಾರ್ಬೈಡಿನ ಬೆಲೆ ಗೊತ್ತಾಗುತ್ತದೆ. ಬ್ಲೇಡ್ ಒಂದನ್ನೇ ಬಿಡಿಯಾಗಿ ಕೊಡುತ್ತಾರಾ ಎಂದು ಕೊಳ್ಳುವ ಮೊದಲೇ ಕೇಳಿ. .223 ಮತ್ತು .308 ಎರಡೂ ಇದ್ದರೆ ಹೋಲ್ಡರ್ ಎರಡು ಬೇಕು, ಬದಲಿಸಿದಾಗಲೆಲ್ಲ ಅಳತೆ ಮತ್ತೆ ಹೊಂದಿಸಬೇಕು. ಆ ಖರ್ಚನ್ನೂ ಆ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬೆರಳಿನ ಮಾತು ಯಾರೂ ಹೇಳುವುದಿಲ್ಲ. .223 ಕೇಸ್ ಚಿಕ್ಕದು. ಬ್ಲೇಡ್ ಕಚ್ಚಿದಾಗ ಅದು ಬೆರಳಲ್ಲೇ ತಿರುಗಲು ನೋಡುತ್ತದೆ. ಮುನ್ನೂರು ಮುಗಿಯುವಷ್ಟರಲ್ಲಿ ಹೆಬ್ಬೆರಳು ಉರಿಯತೊಡಗಿತು. ಲೇತ್ ಮುಂದೆ ಗ್ಲೌಸ್ ಹಾಕಬಾರದು ಎನ್ನುವುದು ನಾನು ಕಲಿತ ಮೊದಲ ಪಾಠ, ಹಾಗಾಗಿ ಗ್ಲೌಸ್ ಬೇಡವೆಂದೆ. ಸೈಕಲ್ ಟ್ಯೂಬಿನ ಚೂರೊಂದನ್ನು ಮಡಿಚಿ, ಅದರಲ್ಲಿ ಕೇಸ್ ಹಿಡಿದೆ. ಇಲ್ಲಿ ಬ್ಲೇಡ್ ಹೋಲ್ಡರಿನ ಒಳಗಿರುವುದರಿಂದ ತೊಂದರೆ ಇಲ್ಲ. ಕನ್ನಡಕ ಮಾತ್ರ ಹಾಕಲೇಬೇಕು, ಹಿತ್ತಾಳೆ ಚೂರು ಸೂಜಿಯಂತೆ ಹಾರುತ್ತದೆ. ಹಳೆ ಕೇಸಿನ ಮಸಿಯಲ್ಲಿ ಪ್ರೈಮರಿನ ಸೀಸವೂ ಇರುತ್ತದೆ. ಆ ಮೇಜಿನ ಮೇಲೆ ಕಾಫಿ ಲೋಟ ಇಡಬೇಡಿ. ಊರಿಂದ ಒಯ್ದ ಫಿಲ್ಟರ್ ಪುಡಿಯ ಕಾಫಿಯನ್ನು ನಾನು ಕೈ ತೊಳೆದು, ಅಡುಗೆಮನೆಗೆ ಹೋಗಿಯೇ ಕುಡಿದೆ.

ಕತ್ತರಿಸುವಾಗ ಪ್ರತಿ ಕೇಸೂ ಕೈಯಲ್ಲಿ ಹಾದುಹೋಗುತ್ತದಲ್ಲ, ಆಗಲೇ ಬುಡದ ಸ್ವಲ್ಪ ಮೇಲೆ ಹೊಳೆಯುವ ಉಂಗುರ ಇದೆಯಾ ನೋಡಿಕೊಳ್ಳಿ. ಕತ್ತಿನ ಕಡೆ ಬೆಳೆದ ಹಿತ್ತಾಳೆ ಬೇರೆಲ್ಲಿಂದಲೋ ಬಂದದ್ದೇ. ಗೋಡೆ ತೆಳುವಾಗುವುದು ಅಲ್ಲೇ. ಅನುಮಾನ ಬಂದರೆ, ತುದಿ ಬಗ್ಗಿಸಿದ ತಂತಿಯಿಂದ ಒಳಗೆ ಕೆರೆದು ನೋಡಿ. ಅಲ್ಲಿ ಹಳ್ಳ ಸಿಕ್ಕರೆ ಆ ಕೇಸ್ ಗುಜರಿಗೆ. ನಮ್ಮ ಬಕೆಟ್ಟಿನಲ್ಲಿ ಹಾಗೆ 41 ಸಿಕ್ಕವು. ಮತ್ತೆ ಯಾರೂ ಬಳಸದಿರಲಿ ಎಂದು ಪ್ಲೈಯರ್‌ನಲ್ಲಿ ಅವುಗಳ ಬಾಯಿ ಚಪ್ಪಟೆ ಮಾಡಿ ಬೇರೆ ಡಬ್ಬಿಗೆ ಹಾಕಿದೆ.

ಕಳೆದ ತಿಂಗಳು ಫೋನ್ ಮಾಡಿದ್ದ. ಈಗ .308 ಕೂಡ ಶುರು ಮಾಡಿದ್ದಾನಂತೆ, ತಿಂಗಳಿಗೆ ಅರವತ್ತು ಎಪ್ಪತ್ತು. ಹೊಸ ಹೋಲ್ಡರ್ ತಗೊಳ್ಳಲಾ ಎಂದು ಕೇಳಿದ. ಅಷ್ಟಕ್ಕೆ ಯಾಕೋ, .308ರ ಗೇಜ್ ಪಿನ್ನು, ಬುಡ ಹಿಡಿಯುವ ಶೆಲ್ ಹೋಲ್ಡರ್ ತರಿಸಿ ಆ ಲೀ ಕಟರಿಗೇ ಹಾಕ್ಕೊ ಎಂದೆ.