ಉಶ್ಮಾಲ್ ಗೋಡೆಯಿಂದ ಸಿಮೆಂಟ್ ಬಿಡಿಸುವ ಬಗೆ

ಮೆಕ್ಸಿಕೋದ ಯುಕಟಾನ್‌ನಲ್ಲಿರುವ ಉಶ್ಮಾಲ್‌ನಂಥ ಪ್ರಾಚೀನ ಮಾಯಾ ನಾಗರಿಕತೆಯ ನೆಲೆಗಳಲ್ಲಿ 20ನೇ ಶತಮಾನದ ದುರಸ್ತಿಗೆ ಪೋರ್ಟ್‌ಲ್ಯಾಂಡ್ ಸಿಮೆಂಟ್ ಬಳಸಿದ್ದುಂಟು. ಅಲ್ಲಿನ ಸುಣ್ಣಕಲ್ಲು ನೀರು ಹೀರುವ ಜಾತಿ. ಸಂದಿಗೆ ಸಿಮೆಂಟ್ ಜಡಿದರೆ ಮಳೆಯ ತೇವ ಅಲ್ಲಿಂದ ಆರಲಾಗದೆ ಕಲ್ಲಿನ ಮೈಯಿಂದ ಹೊರಬರುತ್ತದೆ, ಜೊತೆಗೆ ಬಂದ ಲವಣ ಹರಳುಗಟ್ಟಿ ಕಲ್ಲಿನ ಚಕ್ಕೆ ಎಬ್ಬಿಸುತ್ತದೆ. ಸಿಮೆಂಟ್ ಗೆರೆ ಗಟ್ಟಿಯಾಗಿ ಎದ್ದು ನಿಂತು ಪಕ್ಕದ ಕಲ್ಲು ಸವೆದು ಹಳ್ಳ ಬಿದ್ದಿದ್ದರೆ ರೋಗ ಇದೇ.

1972ರ ಕಾನೂನಿನಂತೆ ಮೆಕ್ಸಿಕೋದ ಪುರಾತತ್ವ ಸ್ಮಾರಕಗಳೆಲ್ಲ ರಾಷ್ಟ್ರದ ಸ್ವತ್ತು. ಅಲ್ಲಿನ ರಾಷ್ಟ್ರೀಯ ಮಾನವಶಾಸ್ತ್ರ ಮತ್ತು ಇತಿಹಾಸ ಸಂಸ್ಥೆಯ (ಐಎನ್‌ಎಎಚ್) ಅನುಮತಿ ಇಲ್ಲದೆ ಉಳಿ ಎತ್ತುವಂತಿಲ್ಲ.

ಉಶ್ಮಾಲ್‌ನ ಪೂಕ್ ಶೈಲಿಯ (ಆ ಸೀಮೆಯ ಮಾಯಾ ಕಟ್ಟಡ ಶೈಲಿ) ಗೋಡೆ ಇಡೀ ಕಲ್ಲಿನದಲ್ಲ. ಒಳಗೆ ಸುಣ್ಣ-ಜಲ್ಲಿಯ ತಿರುಳು, ಹೊರಗೆ ಅಂಟಿಸಿದ ತೆಳು ಕಲ್ಲುಗಳ ಹೊದಿಕೆ. ಸಂದಿ ಬಿಡಿಸಿದರೆ ಹೊದಿಕೆಯೇ ಕಳಚಬಹುದು. ಆದ್ದರಿಂದ ಮೊದಲು ಕಲ್ಲುಗಳಿಗೆ ಸಂಖ್ಯೆ ಕೊಟ್ಟು ಫೋಟೋ ತೆಗೆದು, ಮರದ ಆಸರೆ ಕೊಡಿ. ಒಂದು ಬಾರಿಗೆ ಅರ್ಧ ಮೀಟರ್‌ಗಿಂತ ಹೆಚ್ಚು ಬಿಚ್ಚಬೇಡಿ. ಸಣ್ಣ ಉಳಿ, ಹಗುರ ಸುತ್ತಿಗೆ ಸಾಕು; ಗ್ರೈಂಡರ್ ಬಿಲ್ಲೆ ಕಲ್ಲಿನ ಅಂಚು ಕತ್ತರಿಸುತ್ತದೆ. ಎಬ್ಬಿಸುವಾಗ ಕಲ್ಲಿನ ಮೈಯೂ ಕಿತ್ತು ಬರುವಂತಿದ್ದರೆ ಆ ಸಿಮೆಂಟ್ ಅಲ್ಲೇ ಇರಲಿ. ಅದು ಸೋಲಲ್ಲ.

ಹೊಸ ಗಾರೆ ಕಲ್ಲಿಗಿಂತ ಮೆದುವಾಗಿರಬೇಕು. ಕನಿಷ್ಠ ಮೂರು ತಿಂಗಳು ನೀರಿನಡಿ ಕೊಳೆಸಿದ ಸುಣ್ಣ 1 ಪಾಲು, ಜರಡಿ ಹಿಡಿದ ಸಸ್ಕಾಬ್ (ಅಲ್ಲಿ ನೆಲದಡಿ ಸಿಗುವ ಪುಡಿ ಸುಣ್ಣಕಲ್ಲು) 3 ಪಾಲು. ನೀರಿಗೆ ಚುಕುಮ್ ಮರದ ತೊಗಟೆಯ ರಸ ಬೆರೆಸುವುದು ಅಲ್ಲಿನ ರೂಢಿ. ನಮ್ಮ ಗಾರೆಯವರು ಬೆಲ್ಲದ ನೀರು ಹಾಕುತ್ತಿದ್ದ ಹಾಗೆ. ಗಾರೆ ಕರಣೆಗೆ ಅಂಟಿ ನಿಲ್ಲುವಷ್ಟು ಬಿಗಿಯಾಗಿರಲಿ.

ಸಂದಿಯ ಧೂಳು ತೆಗೆದು ಒದ್ದೆ ಮಾಡಿ. ಆಳ ಅಗಲದ ಎರಡರಷ್ಟಿರಲಿ. 10 ಮಿಲಿಮೀಟರ್‌ನಷ್ಟು ಪದರ ಒತ್ತಿ, ಉಗುರು ಕಷ್ಟಪಟ್ಟು ಇಳಿಯುವಷ್ಟು ಗಟ್ಟಿಯಾದ ಮೇಲೆ ಮುಂದಿನದು. ನಂತರ ಎರಡು ವಾರ ಒದ್ದೆ ಗೋಣಿ ಇಳಿಬಿಡಿ. ಬೆರಳಿಗೆ ಬಿಳಿ ಪುಡಿ ಹತ್ತಿದರೆ ಗಾರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರುವ ಮೊದಲೇ ಒಣಗಿದೆ. ಕೂದಲೆಳೆ ಬಿರುಕು ಬಿದ್ದರೆ ಸುಣ್ಣವೋ ನೀರೋ ಹೆಚ್ಚಾಗಿದೆ. ಎರಡಕ್ಕೂ ಮದ್ದು ಒಂದೇ, ಕೆರೆದು ಮತ್ತೆ ತುಂಬುವುದು.

ಕೆಲಸ ನವೆಂಬರ್‌ನಿಂದ ಮಾರ್ಚ್‌ವರೆಗೆ. ಗೋಡೆಯ ನೆತ್ತಿಯಲ್ಲಿ ನೀರಿಳಿಯುವ ಬಿರುಕಿದ್ದರೆ ಮೊದಲು ಅದನ್ನು ಮುಚ್ಚಿ, ಇಲ್ಲವಾದರೆ ತಿರುಳಿಗಿಳಿದ ನೀರು ಹೊಸ ಗಾರೆಯನ್ನು ಒಳಗಿನಿಂದಲೇ ತಳ್ಳುತ್ತದೆ. ಬಿರುಕಿನಲ್ಲಿ ಅತ್ತಿ ಜಾತಿಯ ಗಿಡ ಬೇರು ಬಿಟ್ಟಿದ್ದರೆ ಕೀಳದೆ ಬುಡಕ್ಕೆ ಕತ್ತರಿಸಿ. ಕಿತ್ತರೆ ಬೇರು ಹಿಡಿದುಕೊಂಡ ಕಲ್ಲೂ ಕೈಗೆ ಬರುತ್ತದೆ.