ಒಬ್ಬರೇ ದುಡಿದು ಒಬ್ಬರೇ ಬಾಳುವವರು ಹಣಕಾಸನ್ನು ಅಚ್ಚುಕಟ್ಟು ಮಾಡಿಕೊಳ್ಳುವ ಬಗೆ

ಮದುವೆಯಾಗದೆಯೋ, ಆದ ಮದುವೆ ಮುಗಿದೋ, ಮಕ್ಕಳಿಲ್ಲದೆ ಒಬ್ಬರೇ ಬದುಕುತ್ತ ತಿಂಗಳಿಗೆ ಎರಡು ಮೂರು ಲಕ್ಷ ರೂಪಾಯಿ ಸಂಬಳ ಪಡೆಯುವವರು ಬೆಂಗಳೂರಿನಲ್ಲಿ ಈಗ ಅಪರೂಪವೇನಲ್ಲ. ಇವರಿಗೆ ಉಳಿತಾಯದ ಪಾಠ ಹೇಳುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ, ಹಣ ತಾನಾಗಿಯೇ ಉಳಿಯುತ್ತದೆ. ತೊಡಕಿರುವುದು ಬೇರೆ ಕಡೆ. ಬ್ಯಾಂಕು, ವಿಮಾ ಕಂಪನಿ, ಆಸ್ಪತ್ರೆ, ಉತ್ತರಾಧಿಕಾರದ ಕಾನೂನು ಎಲ್ಲವೂ ಪ್ರತಿಯೊಬ್ಬರ ಪಕ್ಕದಲ್ಲಿ ಗಂಡನೋ ಹೆಂಡತಿಯೋ ಮಕ್ಕಳೋ ಇದ್ದೇ ಇರುತ್ತಾರೆಂದು ಭಾವಿಸಿಕೊಂಡು ರೂಪುಗೊಂಡಿವೆ. ಆ ಜಾಗದಲ್ಲಿ ಯಾರು ನಿಲ್ಲಬೇಕೆಂಬುದನ್ನು ನೀವು ಬರೆದಿಡದಿದ್ದರೆ ಕಾನೂನು ತನ್ನ ಲೆಕ್ಕಾಚಾರದಂತೆ ಯಾರನ್ನೋ ತಂದು ನಿಲ್ಲಿಸುತ್ತದೆ. ಆದ್ದರಿಂದ ಇಲ್ಲಿ ಹೂಡಿಕೆಗಿಂತ ಕಾಗದಪತ್ರಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಮಾಡಬೇಕಾದದ್ದು ಉಯಿಲು. ಮೂವತ್ತೈದರ ವಯಸ್ಸಿನವರು ಇದನ್ನು ಕೇಳಿ ನಗಬಹುದು, ಆದರೆ ಉಯಿಲಿಲ್ಲದೆ ತೀರಿಕೊಂಡರೆ ಏನಾಗುತ್ತದೆಂದು ಗಮನಿಸಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಮಕ್ಕಳಿಲ್ಲದ ಗಂಡಸಿನ ಸ್ವಯಾರ್ಜಿತವೆಲ್ಲವೂ ತಾಯಿಗೆ ಹೋಗುತ್ತದೆ. ತಾಯಿ ಬದುಕಿರುವವರೆಗೆ ತಂದೆಗೆ ಅದರಲ್ಲಿ ಬಿಡಿಗಾಸಿನ ಹಕ್ಕೂ ಇಲ್ಲ, ಏಕೆಂದರೆ ತಾಯಿ ಒಂದನೆಯ ವರ್ಗದ ವಾರಸುದಾರರು, ತಂದೆ ಎರಡನೆಯ ವರ್ಗದವರು. ಮದುವೆಯಾಗದ ಹೆಣ್ಣುಮಗಳ ಆಸ್ತಿ ತಂದೆ ತಾಯಿಗೆ ಸಮಪಾಲು. ಇಬ್ಬರೂ ಇಲ್ಲದಿದ್ದರೆ ತಂದೆಯ ವಾರಸುದಾರರಿಗೆ. ಮಕ್ಕಳಿಲ್ಲದ ವಿಧವೆಯ ವಿಷಯದಲ್ಲಿ ಕಾನೂನು ಇನ್ನೂ ಕಠಿಣ. ಅವರು ಸ್ವಂತ ದುಡಿಮೆಯಿಂದ ಗಳಿಸಿದ್ದು ಕೂಡ ತವರಿನವರಿಗಿಂತ ಮೊದಲು ಗಂಡನ ವಾರಸುದಾರರಿಗೆ ಸೇರುತ್ತದೆ. ಮದುವೆಯಾದ ಕೆಲವೇ ತಿಂಗಳಲ್ಲಿ ಗಂಡನನ್ನು ಕಳೆದುಕೊಂಡು, ಅತ್ತೆಮನೆಯಿಂದ ಹೊರಬಿದ್ದು, ತವರಿನವರ ಆಸರೆಯಲ್ಲಿ ಓದಿ ನೌಕರಿ ಹಿಡಿದ ಮಹಿಳೆಯೊಬ್ಬರ ಉಳಿತಾಯವನ್ನು ಸುಪ್ರೀಂ ಕೋರ್ಟ್ 2009ರಲ್ಲಿ ಇದೇ ನಿಯಮದಂತೆ ಗಂಡನ ಕಡೆಯವರಿಗೆ ಕೊಟ್ಟಿತು. ಸಹಾನುಭೂತಿಯಿಂದ ಕಾನೂನನ್ನು ಬದಲಿಸಲಾಗದು ಎಂಬುದು ನ್ಯಾಯಾಲಯದ ನಿಲುವಾಗಿತ್ತು. ಹಾಗೆಯೇ ವರ್ಷಗಳಿಂದ ಬೇರೆ ಬೇರೆ ಇದ್ದರೂ ವಿಚ್ಛೇದನದ ಡಿಕ್ರಿ ಪಡೆಯದವರಿಗೆ ಆ ಗಂಡ ಅಥವಾ ಹೆಂಡತಿಯೇ ಇಂದಿಗೂ ವಾರಸುದಾರರು. ಕ್ರೈಸ್ತರಿಗೆ, ಮುಸ್ಲಿಮರಿಗೆ ನಿಯಮಗಳು ಬೇರೆ. ಮುಸ್ಲಿಮರು ವಾರಸುದಾರರ ಒಪ್ಪಿಗೆಯಿಲ್ಲದೆ ಸಾಮಾನ್ಯವಾಗಿ ಆಸ್ತಿಯ ಮೂರನೆಯ ಒಂದು ಭಾಗವನ್ನಷ್ಟೇ ಉಯಿಲಿನ ಮೂಲಕ ಕೊಡಬಹುದು.

ಉಯಿಲಿಗೆ ಛಾಪಾ ಕಾಗದ ಬೇಕಾಗಿಲ್ಲ. ಬಿಳಿ ಹಾಳೆಯ ಮೇಲೆ ಬರೆದು, ಇಬ್ಬರು ಸಾಕ್ಷಿಗಳ ಎದುರಿಗೆ ನೀವು ಸಹಿ ಮಾಡಿ, ಅವರೂ ನಿಮ್ಮೆದುರಿಗೆ ಸಹಿ ಮಾಡಿದರೆ ಕಾನೂನಿನ ದೃಷ್ಟಿಯಲ್ಲಿ ಅದು ಸಿಂಧು. ಪಾಲು ಪಡೆಯುವವರನ್ನು ಸಾಕ್ಷಿಗಳನ್ನಾಗಿ ಮಾಡದಿರುವುದು, ನಿಮಗಿಂತ ಚಿಕ್ಕ ವಯಸ್ಸಿನವರನ್ನು ಆರಿಸಿಕೊಳ್ಳುವುದು ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ. ಆದರೂ ಅಣ್ಣತಮ್ಮಂದಿರನ್ನು ಬಿಟ್ಟು ಗೆಳೆಯರಿಗೋ, ಸಂಗಾತಿಗೋ, ಸಂಸ್ಥೆಗೋ ಕೊಡುವ ಉದ್ದೇಶವಿದ್ದರೆ ಉಪನೋಂದಣಾಧಿಕಾರಿಗಳ ಕಚೇರಿಗೆ ಹೋಗಿ ನೋಂದಾಯಿಸಿಯೇ ಬಿಡಿ. ಅಲ್ಲಿ ತೆಗೆಯುವ ಭಾವಚಿತ್ರ ಮತ್ತು ಹೆಬ್ಬೆಟ್ಟಿನ ಗುರುತು ಮುಂದೆ ಯಾರಾದರೂ ಸಹಿ ನಕಲಿಯೆಂದು ತಕರಾರು ತೆಗೆದಾಗ ಕೆಲಸಕ್ಕೆ ಬರುತ್ತವೆ. ಉಯಿಲನ್ನು ಜಾರಿ ಮಾಡುವವರ ಹೆಸರನ್ನು ಅದರಲ್ಲೇ ಬರೆಯಿರಿ, ಬರೆಯುವ ಮೊದಲು ಅವರನ್ನು ಕೇಳಿ.

ನಾಮಿನಿ ಹಾಕಿದ್ದೇನೆ, ಇನ್ನು ಉಯಿಲೇಕೆ ಎಂದು ಬಹಳ ಮಂದಿ ಕೇಳುತ್ತಾರೆ. ಬ್ಯಾಂಕು ಹಣವನ್ನು ನಾಮಿನಿಯ ಕೈಗೆ ಕೊಡುತ್ತದೆ ನಿಜ, ಆದರೆ ನಾಮಿನಿ ಅದನ್ನು ವಾರಸುದಾರರ ಪರವಾಗಿ ಪಡೆದವರಷ್ಟೇ. ಷೇರುಗಳಿಗೂ ಇದೇ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಜೀವವಿಮೆಯಲ್ಲಿ ಮಾತ್ರ ತಂದೆ ತಾಯಿ, ಪತಿ ಪತ್ನಿ, ಮಕ್ಕಳು ನಾಮಿನಿಯಾಗಿದ್ದರೆ ಹಣ ಅವರದೇ ಆಗುತ್ತದೆ; ಅಕ್ಕ, ತಂಗಿ, ಸೋದರಳಿಯ ಆ ಪಟ್ಟಿಯಲ್ಲಿಲ್ಲ. ಆದರೂ ನಾಮಿನಿ ಬೇಕೇ ಬೇಕು, ಇಲ್ಲದಿದ್ದರೆ ನಿಮ್ಮ ಹಣಕ್ಕಾಗಿ ನಿಮ್ಮವರು ಕೋರ್ಟಿನ ಮೆಟ್ಟಿಲು ಹತ್ತಬೇಕಾಗಬಹುದು. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಶೇಕಡಾವಾರು ಹಂಚಿಕೆಯೊಡನೆ ನಮೂದಿಸಲು ಅವಕಾಶವಿದೆ. ನಾಮಿನಿಯ ಹೆಸರು ಮತ್ತು ಉಯಿಲಿನ ಹೆಸರು ಒಂದೇ ಆಗಿರುವಂತೆ ನೋಡಿಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಭವಿಷ್ಯ ನಿಧಿಯ ನಾಮನಿರ್ದೇಶನ ಮದುವೆಯಾದ ಕೂಡಲೇ ರದ್ದಾಗುತ್ತದೆ ಎಂಬುದನ್ನು ಮನಸ್ಸು ಬದಲಿಸಿ ತಡವಾಗಿ ಮದುವೆಯಾಗುವವರು ನೆನಪಿನಲ್ಲಿಡಬೇಕು.

ಸಾವಿಗಿಂತ ಹೆಚ್ಚು ಸಂಭವನೀಯವಾದದ್ದು ಆಸ್ಪತ್ರೆ. ದಾಖಲಾತಿಯ ಕೌಂಟರಿನಲ್ಲಿ ಕೇಳುವ ಮೊದಲ ಪ್ರಶ್ನೆಯೇ "ಅಟೆಂಡರ್ ಯಾರು?" ಎಂಬುದು. ಶಸ್ತ್ರಚಿಕಿತ್ಸೆಯ ಒಪ್ಪಿಗೆಪತ್ರದಲ್ಲಿ ರೋಗಿಯೊಡನೆ ಇರುವ ಸಂಬಂಧವನ್ನು ಬರೆಯುವ ಸಾಲೊಂದಿರುತ್ತದೆ. ಅಣ್ಣ ಶಿವಮೊಗ್ಗದಲ್ಲಿದ್ದರೆ, ತಂಗಿ ಟೆಕ್ಸಾಸ್‌ನಲ್ಲಿದ್ದರೆ ಆ ಸಾಲನ್ನು ತುಂಬುವವರು ಯಾರು? ವೈಟ್‌ಫೀಲ್ಡಿನಲ್ಲಿರುವವರಿಗೆ ಜಯನಗರದ ಚಿಕ್ಕಮ್ಮ ಕೂಡ ಸಂಜೆ ಆರು ಗಂಟೆಯ ಹೊತ್ತಿಗೆ ಪರಸ್ಥಳದವರೇ. ಆದ್ದರಿಂದ ಅದೇ ಬಡಾವಣೆಯ ಇಬ್ಬರನ್ನು ಗೊತ್ತುಮಾಡಿಕೊಳ್ಳಿ, ಮನೆಯ ಇನ್ನೊಂದು ಕೀಲಿಯನ್ನೂ ವಿಮೆಯ ಕಾರ್ಡಿನ ಪ್ರತಿಯನ್ನೂ ಅವರಿಗೆ ಕೊಟ್ಟಿರಿ, ಅವರಿಗೂ ನೀವು ಅದೇ ಕೆಲಸಕ್ಕೆ ಒದಗುತ್ತೀರೆಂದು ಬಾಯಿಬಿಟ್ಟು ಹೇಳಿ. ಇದರ ಜೊತೆಗೆ, ಚೇತರಿಕೆಯ ಆಸೆಯಿಲ್ಲದ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ ಮತ್ತು ನಿಮ್ಮ ಪರವಾಗಿ ತೀರ್ಮಾನಿಸುವವರು ಯಾರು ಎಂಬುದನ್ನು ತಿಳಿಸುವ ಲಿವಿಂಗ್ ವಿಲ್ ಮಾಡಿಡಬಹುದು. ಸುಪ್ರೀಂ ಕೋರ್ಟ್ ಇದನ್ನು 2018ರಲ್ಲಿ ಮಾನ್ಯ ಮಾಡಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು: ಇಬ್ಬರು ಸಾಕ್ಷಿಗಳೆದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ ಕೊನೆಯಲ್ಲಿ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿದೆ. ಯಾರಿಗಾದರೂ ಪವರ್ ಆಫ್ ಅಟಾರ್ನಿ ಕೊಟ್ಟಿದ್ದೇನೆಂದು ನಿಶ್ಚಿಂತರಾಗಬೇಡಿ. ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ, ಅಂದರೆ ಅದು ನಿಜಕ್ಕೂ ಬೇಕಾಗುವ ಹೊತ್ತಿಗೆ, 1872ರ ಕರಾರು ಕಾಯ್ದೆಯಂತೆ ಅದು ಮುಗಿದುಹೋಗುತ್ತದೆ. ಆಸ್ಪತ್ರೆಯ ತುರ್ತಿಗೆ ನಂಬಿಕೆಯವರೊಬ್ಬರ ಜೊತೆ ಒಂದು ಜಂಟಿ ಖಾತೆ ತೆರೆದು ನಾಲ್ಕೈದು ಲಕ್ಷ ಇಟ್ಟಿರುವುದು ಹೆಚ್ಚು ಉಪಯುಕ್ತ.

ಕೊನೆಗಾಲದಲ್ಲಿ ನೋಡಿಕೊಳ್ಳುವವರು ಯಾರು ಎಂಬ ಹಿರಿಯರ ಪ್ರಶ್ನೆ ಅರ್ಥವಿಲ್ಲದ್ದೇನಲ್ಲ, ಆದರೆ ಮಕ್ಕಳೆಲ್ಲ ಅಮೆರಿಕದಲ್ಲಿರುವ ಮಲ್ಲೇಶ್ವರದ ದಂಪತಿಗಳೂ ಅದೇ ಪ್ರಶ್ನೆಯನ್ನು ಎದುರಿಸುತ್ತಿದ್ದಾರೆ.

ವಿಮೆಯ ವಿಷಯವನ್ನು ಬೇಗ ಮುಗಿಸಬಹುದು. ಕಂಪನಿ ಕೊಡುವ ಆರೋಗ್ಯ ವಿಮೆ ಕೆಲಸ ಬಿಟ್ಟ ದಿನ ಮುಗಿಯುವುದರಿಂದ ಸ್ವಂತದ್ದೊಂದನ್ನು ಆರೋಗ್ಯವಾಗಿರುವಾಗಲೇ ಮಾಡಿಸಿ. ಮೊದಲೇ ಇದ್ದ ಕಾಯಿಲೆಗಳಿಗೆ ಕಾಯುವ ಅವಧಿ ಈಗ ಹೆಚ್ಚೆಂದರೆ ಮೂರು ವರ್ಷ, ಮತ್ತು 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿಗೆ ಜಿಎಸ್‌ಟಿ ಇಲ್ಲ. ನಿಮ್ಮನ್ನು ನಂಬಿದವರು ಯಾರೂ ಇಲ್ಲದಿದ್ದರೆ ಸತ್ತರಷ್ಟೇ ಹಣ ಕೊಡುವ ಟರ್ಮ್ ಇನ್ಶೂರೆನ್ಸ್ ಬೇಡ. ಅದರ ಬದಲು ಅಂಗವೈಕಲ್ಯಕ್ಕೆ ಪರಿಹಾರ ಕೊಡುವ ಅಪಘಾತ ವಿಮೆ ಮಾಡಿಸಿ, ಏಕೆಂದರೆ ಕೈಕಾಲು ಆಡದಂತಾದರೆ ಮನೆಗೆ ಇನ್ನೊಂದು ಸಂಬಳ ಬರುವುದಿಲ್ಲ. ಇದೇ ಕಾರಣಕ್ಕೆ, ತುರ್ತಿಗೆಂದು ಸಾಮಾನ್ಯವಾಗಿ ಹೇಳುವ ಆರು ತಿಂಗಳ ಬದಲು ಹನ್ನೆರಡು ತಿಂಗಳ ಖರ್ಚನ್ನು ಠೇವಣಿಯಲ್ಲಿ, ಒಂದೇ ಬ್ಯಾಂಕಿನಲ್ಲಿ ಐದು ಲಕ್ಷ ಮೀರದಂತೆ ಹಂಚಿಡಬೇಕು. ಠೇವಣಿ ವಿಮೆಯ ಮಿತಿ ಅಷ್ಟೇ.

ಅಮೆರಿಕದ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಆರ್‌ಎಸ್‌ಯು ರೂಪದಲ್ಲಿ, ಅಂದರೆ ಸಂಬಳದ ಭಾಗವಾಗಿ ಕಂಪನಿ ಹಂತ ಹಂತವಾಗಿ ಕೊಡುವ ತನ್ನದೇ ಷೇರುಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಅವು ವೆಸ್ಟ್ ಆದ ದಿನ, ಅಂದರೆ ನಿಮ್ಮ ಕೈಸೇರಿದ ದಿನ, ಅವುಗಳ ಪೂರ್ತಿ ಬೆಲೆಗೆ ಸಂಬಳವೆಂದೇ ತೆರಿಗೆ ಮುರಿದಿರುತ್ತಾರೆ. ಆ ದಿನವೇ ಮಾರಿದರೆ ಹೆಚ್ಚುವರಿ ತೆರಿಗೆ ಇಲ್ಲವೆನ್ನುವಷ್ಟು ಕಡಿಮೆ. ಹೀಗಿದ್ದೂ ಬಹುತೇಕರು ಮಾರದೆ ಬಿಡುತ್ತಾರೆ. ಸಂಬಳ, ಬೋನಸ್ಸು, ಉಳಿತಾಯ ಮೂರೂ ಒಂದೇ ಕಂಪನಿಗೆ ಜೋತುಬೀಳುತ್ತವೆ. ಅದಕ್ಕಿಂತ ಕಡಿಮೆ ಜನರಿಗೆ ತಿಳಿದಿರುವ ಸಂಗತಿಯೊಂದಿದೆ. ಅಮೆರಿಕದ ಪ್ರಜೆಯೂ ನಿವಾಸಿಯೂ ಅಲ್ಲದವರು ತೀರಿಕೊಂಡಾಗ ಅಲ್ಲಿನ ಕಂಪನಿಗಳ ಷೇರು 60,000 ಡಾಲರ್ ಮೀರಿದ್ದರೆ, ಮೀರಿದ ಮೊತ್ತಕ್ಕೆ ತೀರಿಕೊಂಡವರ ಆಸ್ತಿಯ ಮೇಲಿನ ಅಲ್ಲಿನ ಎಸ್ಟೇಟ್ ತೆರಿಗೆ ಶೇಕಡಾ 40ರವರೆಗೆ ಬೀಳುತ್ತದೆ. ಭಾರತಕ್ಕೂ ಅಮೆರಿಕಕ್ಕೂ ಈ ತೆರಿಗೆಯ ಬಗ್ಗೆ ಒಪ್ಪಂದವಿಲ್ಲ. ನಿಮ್ಮ ವಯಸ್ಸಾದ ತಾಯಿ ಅಲ್ಲಿನ ಬ್ರೋಕರಿಗೆ ಕಾಗದ ಬರೆದು ಹಣ ಬಿಡಿಸಿಕೊಳ್ಳುವುದನ್ನು ಊಹಿಸಿಕೊಳ್ಳಿ. ವೆಸ್ಟ್ ಆದ ಹಾಗೆ ಮಾರಿ ಭಾರತಕ್ಕೆ ತಂದು, ಅಮೆರಿಕದ ಮಾರುಕಟ್ಟೆಯೇ ಬೇಕೆಂದಿದ್ದರೆ ಅಲ್ಲಿ ಹೂಡುವ ಭಾರತೀಯ ಮ್ಯೂಚುವಲ್ ಫಂಡಿನ ಮೂಲಕ ಹೋಗುವುದೇ ನನಗೆ ಸರಿಯೆನಿಸುತ್ತದೆ. ಕೈಯಲ್ಲಿರುವ ವಿದೇಶಿ ಷೇರುಗಳನ್ನು, ಅವು ಎಷ್ಟೇ ಸಣ್ಣವಿರಲಿ, ಆದಾಯ ತೆರಿಗೆ ರಿಟರ್ನಿನ ವಿದೇಶಿ ಸ್ವತ್ತಿನ ಪಟ್ಟಿಯಲ್ಲಿ ಪ್ರತಿ ವರ್ಷ ತೋರಿಸಬೇಕು. ಒಟ್ಟು 20 ಲಕ್ಷ ರೂಪಾಯಿ ಮೀರಿದ್ದನ್ನು ಬಿಟ್ಟರೆ ದಂಡ 10 ಲಕ್ಷ ರೂಪಾಯಿ.

ಇನ್ನು ಮನೆಯವರು, ಬಂಧುಗಳು. "ನಿನಗೇನಮ್ಮ, ಒಂದೇ ಹೊಟ್ಟೆ" ಎಂಬ ಮಾತಿನಿಂದ ಶುರುವಾಗುವ ಸಂಭಾಷಣೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಒಂಟಿಯಾಗಿ ದುಡಿಯುವವರಿಗೆಲ್ಲ ಗೊತ್ತು. ಬಂಧುಗಳಿಗಾಗಿ ವರ್ಷಕ್ಕೆ ಇಷ್ಟು ಎಂದು ಒಂದು ಮೊತ್ತ ಗೊತ್ತುಮಾಡಿ, ಅದನ್ನು ಕೊಡುಗೆಯೆಂದೇ ಎಣಿಸಿ. ಅದನ್ನು ಮೀರಿದ ಕೈಸಾಲವಾದರೆ ಬ್ಯಾಂಕ್ ಮೂಲಕವೇ ಕೊಡಿ, ಏಕೆಂದರೆ 20,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸಾಲವನ್ನು ನಗದಾಗಿ ಪಡೆಯುವಂತಿಲ್ಲ. ಪ್ರಾಮಿಸರಿ ನೋಟು ಬರೆಸಿಕೊಳ್ಳಿ, ಮತ್ತು ಮೂರು ವರ್ಷ ಕಳೆದರೆ ವಸೂಲಿಯ ಹಕ್ಕಿಗೆ ಕಾಲಮಿತಿ ಅಡ್ಡ ಬರುತ್ತದೆಂಬುದನ್ನು ನೆನಪಿಡಿ. ನೋಟು ಕೇಳಿದರೆ ಸೋದರತ್ತೆ, ಸೋದರಮಾವಂದಿರು ಮುನಿಸಿಕೊಳ್ಳುತ್ತಾರೆ ಎನ್ನುವವರು ಆ ಹಣವನ್ನು ಮೊದಲೇ ಕೊಡುಗೆಯ ಲೆಕ್ಕಕ್ಕೆ ಬರೆದುಕೊಳ್ಳಲಿ.

ಎಲ್ಲಕ್ಕಿಂತ ದೊಡ್ಡ ನಷ್ಟ ಊರಿನ ಮನೆಯಲ್ಲಾಗುತ್ತದೆ. ಅಪ್ಪನ ಹೆಸರಿನ ನಿವೇಶನದಲ್ಲಿ ಮಗಳು ಅರವತ್ತು ಲಕ್ಷ ಹಾಕಿ ಮನೆ ಕಟ್ಟಿಸುತ್ತಾಳೆ. ಅಪ್ಪ ಉಯಿಲಿಲ್ಲದೆ ಹೋದ ಮೇಲೆ ನೆಲವೂ ಅದರ ಮೇಲಿನ ಮನೆಯೂ ಅಮ್ಮನಿದ್ದರೆ ಅವರಿಗೂ ಎಲ್ಲ ಮಕ್ಕಳಿಗೂ ಸಮಪಾಲಾಗುತ್ತದೆ. ಅಡಿಪಾಯ ಹಾಕುವ ಮೊದಲೇ ನಿವೇಶನವನ್ನು ದಾನಪತ್ರದ ಮೂಲಕ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ತೀರಾ ಕಡಿಮೆ. ನಿಮ್ಮ ಹಣದಲ್ಲಿ ತಮ್ಮನ ಹೆಸರಿಗೆ ಮಾತ್ರ ಸೈಟು ಕೊಳ್ಳುವುದಂತೂ ಬೇನಾಮಿ ಕಾಯ್ದೆಗೆ ಸಿಕ್ಕಿಬೀಳಬಹುದು. ಅಣ್ಣತಮ್ಮ, ಅಕ್ಕತಂಗಿಯರ ವಿಷಯದಲ್ಲಿ ವಿನಾಯಿತಿ ಇರುವುದು ಪತ್ರದಲ್ಲಿ ನಿಮ್ಮ ಹೆಸರೂ ಜಂಟಿಯಾಗಿ ಇದ್ದಾಗ ಮಾತ್ರ.

ತಂದೆ ತಾಯಿಗೆ ತಿಂಗಳ ಖರ್ಚು ಕಳಿಸುವ ಬದಲು ಒಂದು ಗಂಟು ಕೊಡಬಲ್ಲವರು ಹಿರಿಯ ನಾಗರಿಕರ ಉಳಿತಾಯ ಯೋಜನೆಯನ್ನು ಪರಿಶೀಲಿಸಲಿ. ತಲಾ 30 ಲಕ್ಷದವರೆಗೆ ಇಡಬಹುದು; ಶೇಕಡಾ 8.2ರ ದರದಲ್ಲಿ ಒಬ್ಬರಿಗೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬರುತ್ತದೆ. ಹೆತ್ತವರಿಗೆ ಕೊಟ್ಟ ಹಣದ ಬಡ್ಡಿಯನ್ನು ನಿಮ್ಮ ಆದಾಯಕ್ಕೆ ಸೇರಿಸುವುದಿಲ್ಲ, ಅವರಿಗೆ ಬೇರೆ ಹೆಚ್ಚಿನ ಆದಾಯವಿಲ್ಲದಿದ್ದರೆ ತೆರಿಗೆಯೇ ಬೀಳುವುದಿಲ್ಲ. ಆದರೆ ಕೊಟ್ಟ ಮೇಲೆ ಅದು ಅವರ ಹಣ, ಅವರ ನಂತರ ಒಡಹುಟ್ಟಿದವರೆಲ್ಲರಿಗೂ ಪಾಲು. ಅದು ಬೇಡವೆಂದರೆ ಅವರಿಂದಲೂ ಉಯಿಲು ಬರೆಸಬೇಕು. ಈ ಮಾತನ್ನು ಎತ್ತುವುದು ಸುಲಭವಲ್ಲ, ನಿಮ್ಮ ಉಯಿಲನ್ನು ಮೊದಲು ತೋರಿಸಿದರೆ ಸ್ವಲ್ಪ ಹಗುರವಾಗುತ್ತದೆ.

ಬೆಂಗಳೂರಿನಲ್ಲಿ ಮನೆ ಕೊಳ್ಳಬೇಕೆ ಎಂಬುದಕ್ಕೆ ಎಲ್ಲರಿಗೂ ಒಪ್ಪುವ ಉತ್ತರವಿಲ್ಲ. ಒಂದೂವರೆ ಕೋಟಿಯ ಫ್ಲ್ಯಾಟಿಗೆ ಮುದ್ರಾಂಕ, ಸೆಸ್ಸು ಮತ್ತು 2025ರ ಆಗಸ್ಟ್ ಕೊನೆಯಿಂದ ಶೇಕಡಾ 2ಕ್ಕೇರಿದ ನೋಂದಣಿ ಶುಲ್ಕ ಸೇರಿ ಶೇಕಡಾ 7.6ರಂತೆ ಹನ್ನೊಂದು ಲಕ್ಷಕ್ಕೂ ಹೆಚ್ಚು ತೆರಬೇಕು, 1.12 ಕೋಟಿ ಸಾಲಕ್ಕೆ ಶೇಕಡಾ 8ರ ಬಡ್ಡಿಯಲ್ಲಿ ಇಪ್ಪತ್ತು ವರ್ಷ ತಿಂಗಳಿಗೆ ಸುಮಾರು 94 ಸಾವಿರದ ಕಂತು. ಅಂಥ ಮನೆ ಐವತ್ತು ಸಾವಿರಕ್ಕೆ ಬಾಡಿಗೆಗೆ ಸಿಗುವುದಾದರೆ ಲೆಕ್ಕ ಬಾಡಿಗೆಯ ಪರವಾಗಿದೆ. ಆದರೆ "ಫ್ಯಾಮಿಲಿಗೆ ಮಾತ್ರ" ಎನ್ನುವ ಮಾಲೀಕರು ಅರವತ್ತರ ವಯಸ್ಸಿನ ಒಂಟಿ ಬಾಡಿಗೆದಾರರನ್ನು ಹೇಗೆ ಕಾಣುತ್ತಾರೆಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ. ಹಾಗಾಗಿ ನಲವತ್ತೈದರೊಳಗೆ, ಸಾಲ ನಿವೃತ್ತಿಗೆ ಮೊದಲೇ ತೀರುವಂತೆ, ಲಿಫ್ಟ್ ಇರುವ, ಆಸ್ಪತ್ರೆಯೂ ಮೆಟ್ರೋ ನಿಲ್ದಾಣವೂ ಹತ್ತಿರವಿರುವ ಎರಡು ಕೋಣೆಯ ಸಾಧಾರಣ ಮನೆಯೊಂದನ್ನು ಕೊಳ್ಳುವುದನ್ನು ನಾನು ಒಪ್ಪುತ್ತೇನೆ. ಆಸ್ತಿಯ ಡಿಜಿಟಲ್ ದಾಖಲೆಯಾದ ಇ-ಖಾತಾ ಇಲ್ಲದ್ದನ್ನು, ಎಷ್ಟು ಅಗ್ಗವಾದರೂ, ಮುಟ್ಟಬೇಡಿ.

ಇಷ್ಟನ್ನೂ ಒಂದು ಕಡತದಲ್ಲಿ ಜೋಡಿಸಿ, ಖಾತೆಗಳ ಪಟ್ಟಿ, ಪಾಲಿಸಿಗಳ ಸಂಖ್ಯೆ, ಉಯಿಲು ಇರುವ ಜಾಗ, ತೆರಿಗೆ ಲೆಕ್ಕಿಗರ ಫೋನ್ ನಂಬರ್ ಬರೆದು, ಉಯಿಲು ಜಾರಿ ಮಾಡುವವರಿಗೆ ಅದರ ಪ್ರತಿಯೊಂದನ್ನು ಕೊಡಿ. ಪಾಸ್‌ವರ್ಡುಗಳನ್ನು ಅದರಲ್ಲಿ ಬರೆಯಬೇಡಿ. ಪ್ರತಿ ವರ್ಷ ರಿಟರ್ನ್ ಸಲ್ಲಿಸುವ ಜುಲೈ ತಿಂಗಳಲ್ಲಿ, ಎಲ್ಲ ಕಾಗದಗಳೂ ಹೇಗೂ ಮೇಜಿನ ಮೇಲಿರುವಾಗ, ಪಟ್ಟಿಯನ್ನು ತಿದ್ದಿ ಹೊಸ ಪ್ರತಿಯನ್ನು ಕಳಿಸಿ ಹಳೆಯದನ್ನು ಹರಿದುಹಾಕುವಂತೆ ತಿಳಿಸಿ.