ತಾಮ್ರದ ತಗಡಿನ ಮೇಲೆ ಪೋಲಿಷ್ ಕುಲೀನೆಯ ಮುಖ

17-18ನೇ ಶತಮಾನದ ಪೋಲೆಂಡಿನಲ್ಲಿ ಶ್ಲಾಖ್ತಾ ಎಂಬ ಕುಲೀನ ವರ್ಗದವರು ತೀರಿಕೊಂಡರೆ, ಅವರ ಮುಖವನ್ನು ತಾಮ್ರ, ತವರ ಅಥವಾ ಸೀಸದ ತಗಡಿನ ಮೇಲೆ ಬರೆಸಿ ಶವಪೆಟ್ಟಿಗೆಯ ತಲೆಯ ಬದಿಗೆ ಕೂರಿಸುತ್ತಿದ್ದರು. ಕಣ್ಣು ತೆರೆದೇ ಇರಬೇಕು. ತನ್ನ ಅಂತ್ಯಕ್ರಿಯೆಗೆ ಬಂದವರನ್ನು ತೀರಿಕೊಂಡಾಕೆಯೇ ನೋಡುತ್ತಿದ್ದಾಳೆ ಅನ್ನಿಸಬೇಕು. ಈ ಬಗೆಯ ಚಿತ್ರಗಳ ದೊಡ್ಡ ಸಂಗ್ರಹ ಮಿಯೆಂಜಿಜೆಚ್ ಊರಿನ ಮ್ಯೂಸಿಯಂನಲ್ಲಿದೆ. ಅದೇ ಕ್ರಮದಲ್ಲಿ ಬರೆಯಲು ನಾನು ಅನುಸರಿಸುವ ವಿಧಾನ ಇದು.

1 ಮಿ.ಮೀ. ದಪ್ಪದ ತಾಮ್ರದ ತಗಡನ್ನು ಷಟ್ಕೋನವಾಗಿ ಕತ್ತರಿಸುತ್ತೇನೆ. ಬದಿ 22 ಸೆಂ.ಮೀ. ಇಟ್ಟರೆ ಮೂಲೆಯಿಂದ ಮೂಲೆಗೆ 44, ಎದುರುಬದುರು ಬದಿಗಳ ನಡುವೆ ಸುಮಾರು 38 ಸೆಂ.ಮೀ. ಬರುತ್ತದೆ. ಮೊಳೆಯ ತೂತುಗಳನ್ನು ಈಗಲೇ ಕೊರೆಯಬೇಕು. ಬಣ್ಣ ಹಚ್ಚಿದ ಮೇಲೆ ಕೊರೆದರೆ ತೂತಿನ ಸುತ್ತ ಪದರ ಎದ್ದುಬರುತ್ತದೆ.

400ರ ಎಮರಿ ಪೇಪರಿನಿಂದ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಆಮೇಲೆ ಬರಿಗೈಯಲ್ಲಿ ಮುಟ್ಟಕೂಡದು. ಬೆರಳಿನ ಬೆವರು ಉಳಿದ ಕಡೆ ಬಣ್ಣದಡಿಯಲ್ಲಿ ಹಸಿರು ಕಿಲುಬು ಹುಟ್ಟುತ್ತದೆ. ಹಳೆಯ ಕೈಪಿಡಿಗಳಂತೆ ಬೆಳ್ಳುಳ್ಳಿ ರಸ ತಿಕ್ಕಿದರೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಪ್ರೈಮರ್ (ಬಣ್ಣದಡಿಯ ಮೊದಲ ಲೇಪ) ತೆಳುವಾಗಿ ಎರಡು ಸಲ. ಝಿಂಕ್ ವೈಟ್ ಎಂಬ ಬಿಳಿ ಬಣ್ಣ ಬೇಡವೇ ಬೇಡ: ಎಣ್ಣೆ ಬಣ್ಣದಲ್ಲಿ ಅದು ವರ್ಷಗಳು ಕಳೆದಂತೆ ಪೆಡಸಾಗಿ ಪದರ ಪದರವಾಗಿ ಬಿಡುತ್ತದೆ.

ಹಿನ್ನೆಲೆಗೆ ಬೆಳ್ಳಿ ಬಣ್ಣದ ರೇಕು, ಅಂದರೆ ಅಂಟಿಸುವ ಅತಿ ತೆಳು ಲೋಹದ ಹಾಳೆ. ನಿಜವಾದ ಬೆಳ್ಳಿ ಕಪ್ಪಾಗುವುದರಿಂದ ಅಲ್ಯೂಮಿನಿಯಂ ರೇಕು ಬಳಸುತ್ತೇನೆ. ಅಂಟು ಹಸಿಯಿರುವಾಗಲೇ ಹಾಸಿದರೆ ರೇಕು ಮುಳುಗಿ ಮಂಕಾಗುತ್ತದೆ. ಬೆರಳ ಗೆಣ್ಣು ತಾಗಿಸಿದಾಗ ತುಸುವೇ ಜಿಗಿಯಾದರೆ ಹದ ಬಂತು.

ಮುಖವೇ ಮುಖ್ಯ. ತಲೆ ಎಡಕ್ಕೆ ತಿರುಗಿ ನೋಟ ನಮ್ಮತ್ತ ಇದ್ದರೆ ಎರಡೂ ಕಣ್ಣುಗಳ ಎಡಬದಿಯಲ್ಲೇ ಬಿಳಿ ಹೆಚ್ಚು ಕಾಣಬೇಕು. ಒಂದರಲ್ಲಿ ತಪ್ಪಿದರೂ ನೋಟ ಮೆಳ್ಳಗಣ್ಣಾಗುತ್ತದೆ. ಬೆಳಕಿನ ಚುಕ್ಕಿ ಎರಡರಲ್ಲೂ ಒಂದೇ ಕಡೆ. ಸುಕ್ಕು, ನರುಲಿ, ಜೋಲುಗಲ್ಲ ಯಾವುದನ್ನೂ ಮರೆಮಾಡಬೇಡಿ. ಆ ಕಾಲದವರು ಚೆಲುವು ತುಂಬಲಿಲ್ಲ, ಆಕೆಯನ್ನು ಬಲ್ಲವರು ಎದುರಿಗೇ ನಿಂತಿರುತ್ತಿದ್ದರು. ಚರ್ಮಕ್ಕೆ ಟೈಟಾನಿಯಂ ವೈಟ್, ಯೆಲ್ಲೋ ಓಕರ್ (ಹಳದಿ ಮಣ್ಣಿನ ಬಣ್ಣ), ಚಿಟಿಕೆ ಕೆಂಪು. ನೆರಳಿಗೆ ಮಣ್ಣಿನ ಹಸಿರು. ಆಭರಣದ ಮುತ್ತುಗಳಿಗೆ ಮೊದಲು ಬೂದು, ಕೆಳಗಡೆ ಬಟ್ಟೆಯ ಬಣ್ಣದ ಪ್ರತಿಫಲನ, ಕೊನೆಗೆ ಒಂದೇ ಬಿಳಿ ಚುಕ್ಕಿ.

ಲೋಹ ಎಣ್ಣೆ ಹೀರುವುದಿಲ್ಲ. ಪದರ ತೆಳುವಾಗಿರಲಿ, ನಡುವೆ ಒಂದು ವಾರ ಬಿಡಿ. ವಾರ್ನಿಷ್ ಆರು ತಿಂಗಳಾದ ಮೇಲೆ.